ಲಾನಿನಲ್ಲಿ ಅಣಬೆ ಎದ್ದಿದೆಯಾ? ಸ್ಪ್ರೇ ಪಂಪ್ ಎತ್ತೋ ಮುಂಚೆ ಇದನ್ನು ಓದಿ

ಮುಂಗಾರಿನ ಮೊದಲ ಎರಡು-ಮೂರು ಮಳೆ ಬಿದ್ದು, ನಡುವೆ ಒಂದೆರಡು ದಿನ ಬಿಸಿಲು ಕಾಯ್ದರೆ ಸಾಕು, ಫೋನಿಗೆ ಫೋಟೋಗಳು ಬರೋಕೆ ಶುರುವಾಗುತ್ತವೆ. ಹಸಿರು ಹುಲ್ಲಿನ ಮೇಲೆ ಬಿಳಿ ಕೊಡೆಗಳ ಸಾಲು, ಕೆಳಗೆ ಒಂದೇ ಪ್ರಶ್ನೆ: "ಸರ್, ಇದಕ್ಕೆ ಯಾವ ಔಷಧಿ ಹೊಡೀಬೇಕು?"

ಈಗ ನಮ್ಮಲ್ಲಿ ಎಷ್ಟೋ ಹುಡುಗರು ತೋಟದ ಜೊತೆಗೆ ಹೋಂಸ್ಟೇ ನಡೆಸ್ತಾರೆ, ನರ್ಸರಿ ಇಟ್ಟಿದ್ದಾರೆ, ಪಟ್ಟಣದವರ ಫಾರ್ಮ್‌ಹೌಸ್ ನೋಡಿಕೊಳ್ತಾರೆ. ಹಾಗಾಗಿ ಹುಲ್ಲುಹಾಸು ಅನ್ನೋದು ಬರೀ ಶೋಕಿಯಾಗಿ ಉಳಿದಿಲ್ಲ, ಅದೂ ಒಂದು ಬೆಳೆ ಥರ ಆಗಿಬಿಟ್ಟಿದೆ. ಮಾಲೀಕರು ಬಂದಾಗ ಲಾನಿನ ತುಂಬ ನಾಯಿಕೊಡೆ ಕಂಡರೆ ಬೈಗುಳ ತಿನ್ನೋದು ನೀವೇ. ಅದಕ್ಕೇ ಅವಸರದಲ್ಲಿ ಕಾರ್ಬೆಂಡಜಿಮ್ಮೋ, ಕಾಪರ್ ಆಕ್ಸಿಕ್ಲೋರೈಡೋ ಕೈಗೆ ಸಿಕ್ಕಿದ್ದನ್ನು ಹೊಡೆದುಬಿಡ್ತೀರಿ.

ನನ್ನ ಉತ್ತರ ಹತ್ತರಲ್ಲಿ ಒಂಬತ್ತು ಸಲ ಒಂದೇ: ಔಷಧಿ ಬೇಡ. ಅಣಬೆಯಿಂದ ಹುಲ್ಲಿಗೆ ತೊಂದರೆ ಆಗೋದು ಕಡಿಮೆ. ತೊಂದರೆ ಆಗೋದು ಅದನ್ನು ಬಾಯಿಗೆ ಹಾಕಿಕೊಳ್ಳುವವರಿಗೆ, ಅಂದ್ರೆ ಮಗುವಿಗೆ, ನಾಯಿಗೆ, ಕೆಲವೊಮ್ಮೆ "ಒಳ್ಳೆ ಅಣಬೆ" ಅಂತ ಸಾರು ಮಾಡಿಬಿಡೋ ದೊಡ್ಡವರಿಗೇ. ಇನ್ನೊಂದು, ಅಣಬೆ ಎದ್ದಿರೋದು ಬಯಲಲ್ಲೋ ಮರದ ಬುಡದಲ್ಲೋ ಅನ್ನೋದನ್ನು ನೋಡಬೇಕು. ಬುಡದಲ್ಲಾದರೆ ಆ ಕಥೆಯೇ ಬೇರೆ.

ಮೇಲೆ ಕಾಣೋದು ಕಾಯಿ ಮಾತ್ರ

ಮಾವಿನ ಮರದ ಕಾಯಿ ಕಿತ್ತರೆ ಮರ ಸಾಯುತ್ತಾ? ಅಣಬೆ ಕಿತ್ತರೂ ಹಾಗೇ. ನಾವು ನೋಡೋ ಕೊಡೆ ಆ ಶಿಲೀಂಧ್ರದ ಕಾಯಿ ಇದ್ದ ಹಾಗೆ. ಅದರ ನಿಜವಾದ ಮೈ ಮಣ್ಣೊಳಗೆ ಹತ್ತಿಯ ನೂಲಿಗಿಂತ ಸಣ್ಣ ಬಿಳಿ ಎಳೆಗಳ ಜಾಲವಾಗಿ ಹರಡಿಕೊಂಡಿರುತ್ತೆ. ಆ ಜಾಲ ಅಲ್ಲಿ ತಿಂಗಳುಗಟ್ಟಲೆ, ಎಷ್ಟೋ ಕಡೆ ವರ್ಷಗಟ್ಟಲೆ ಇರುತ್ತೆ. ತೇವ, ಬಿಸಿ ಎರಡೂ ಹದವಾಗಿ ಸೇರಿದಾಗ ಮಾತ್ರ ರಾತ್ರೋರಾತ್ರಿ ಕೊಡೆ ಎಬ್ಬಿಸುತ್ತೆ. ಗುಡುಗಿದರೆ ಅಣಬೆ ಏಳುತ್ತೆ ಅಂತ ಹಿರಿಯರು ಹೇಳ್ತಾರಲ್ಲ, ಆ ಲೆಕ್ಕ ಸುಮ್ಮನೆ ಬಂದಿದ್ದಲ್ಲ. ನಮ್ಮಲ್ಲಿ ಗುಡುಗಿನ ಜೊತೆ ಬರೋ ಮೊದಲ ಮಳೆಗಳೇ ಕಾದ ಮಣ್ಣನ್ನು ನೆನೆಸೋದು.

ಕೊಡೆಯ ಕೆಳಗಿನ ಪದರಗಳಿಂದ ಕೋಟಿಗಟ್ಟಲೆ ಬೀಜಾಣು ಉದುರಿ ಗಾಳಿಯಲ್ಲಿ ಹೋಗುತ್ತವೆ. ಹೋಗುತ್ತವೆ ನಿಜ, ಆದರೆ "ಬೇಗ ಕೀಳದಿದ್ದರೆ ಲಾನಿಗೆಲ್ಲ ಹರಡುತ್ತೆ" ಅಂತ ಗಾಬರಿ ಬೇಡ. ಬೀಜಾಣು ಈಗಾಗಲೇ ನಿಮ್ಮ ಊರಿನ ಗಾಳಿಯಲ್ಲೆಲ್ಲ ಇವೆ. ಬಿದ್ದ ಕಡೆ ತಿನ್ನೋಕೆ ಏನಾದ್ರೂ ಇದ್ದರೆ ಮಾತ್ರ ಮೊಳಕೆ ಒಡೆದು ನೆಲೆ ಊರುತ್ತವೆ.

ಔಷಧಿ ಯಾಕೆ ದಂಡ ಅನ್ನೋದಕ್ಕೂ ಇದೇ ಕಾರಣ. ಪಂಪಿನಿಂದ ಹೊಡೆದ ದ್ರಾವಣ ಹುಲ್ಲಿನ ಎಲೆ ಮೇಲೆ, ಹೆಚ್ಚೆಂದರೆ ಮಣ್ಣಿನ ಮೇಲ್ಪದರದಲ್ಲಿ ನಿಲ್ಲುತ್ತೆ. ಎಳೆಗಳ ಜಾಲ ಅರ್ಧ ಅಡಿ, ಒಂದಡಿ ಆಳದಲ್ಲಿ ಹೂತ ಮರದ ತುಂಡನ್ನು ಹಿಡಿದು ಕೂತಿರುತ್ತೆ. ಕೊಡೆ ಹೇಗೂ ಎರಡು-ಮೂರು ದಿನಕ್ಕೆ ತಾನೇ ಬಾಡಿ ಹೋಗುವಂಥದ್ದು. ಅದು ಹೋಗಿದ್ದನ್ನು ನೋಡಿ ನೀವು ಔಷಧಿ ಕೆಲಸ ಮಾಡಿತು ಅಂದುಕೊಳ್ತೀರಿ. ಮುಂದಿನ ಮಳೆಗೆ ಮತ್ತೆ ಹಾಜರ್. ಅಷ್ಟರಲ್ಲಿ ಮೇಲ್ಮಣ್ಣಿನಲ್ಲಿದ್ದ ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರಕ್ಕೆ ಮಾತ್ರ ಏಟು ಬಿದ್ದಿರುತ್ತೆ.

ಅದು ಏನು ತಿಂತಿದೆ ಅಂತ ಹುಡುಕಿ

ಅಣಬೆಗೆ ಹಸಿರು ಇಲ್ಲ, ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳೋಕೆ ಅದಕ್ಕೆ ಬರಲ್ಲ. ಎಲ್ಲೋ ಸತ್ತ ಸಾವಯವ ವಸ್ತು ಇದ್ದೇ ಇರಬೇಕು. ಲಾನಿನಲ್ಲಿ ಅದು ಏನಿರಬಹುದು ಅಂತ ಕಂಡುಹಿಡಿಯೋದೇ ಅರ್ಧ ಚಿಕಿತ್ಸೆ.

ಹೊಸ ಮನೆಯ ಮುಂದಿನ ಲಾನ್ ಆದರೆ ನನ್ನ ಮೊದಲ ಅನುಮಾನ ಸೆಂಟ್ರಿಂಗ್ ಹಲಗೆ ಮೇಲೆ. ಮೇಸ್ತ್ರಿಗಳು ಕೆಲಸ ಮುಗಿಸಿ ಹೋಗುವಾಗ ಮುರಿದ ಹಲಗೆ, ಗೂಟ, ಸರ್ವೆ ಕಂಬದ ತುಂಡು ಎಲ್ಲವನ್ನೂ ಗುಂಡಿಗೆ ತಳ್ಳಿ ಮೇಲೆ ಕೆಮ್ಮಣ್ಣು ಹರಡಿರ್ತಾರೆ. ಅದರ ಮೇಲೆ ಮೆಕ್ಸಿಕನ್ ಗ್ರಾಸ್ ಕೂತರೆ ಮೇಲಿಂದ ಏನೂ ಗೊತ್ತಾಗಲ್ಲ. ಎರಡನೇ ಮಳೆಗಾಲಕ್ಕೆ ಅಲ್ಲೇ ಗುಂಪುಗುಂಪಾಗಿ ಅಣಬೆ. ಹಳೇ ತೋಟವನ್ನು ಲಾನ್ ಮಾಡಿದ್ದರೆ ಕಡಿದ ತೆಂಗಿನ ಬುಡ, ಸಿಲ್ವರ್ ಓಕ್ ಬೇರು ಒಳಗೇ ಉಳಿದಿರುತ್ತೆ. ಅಣಬೆ ಗೆರೆ ಎಳೆದ ಹಾಗೆ ಸಾಲಾಗಿ ಬಂದಿದ್ದರೆ ಕೆಳಗೆ ಸತ್ತ ಬೇರು ಓಡಿದೆ ಅಂತಲೇ ಲೆಕ್ಕ. ಒಂದು ಹಾರೆ ತಗೊಂಡು ಅಣಬೆ ಎದ್ದ ಜಾಗದಲ್ಲಿ ಚುಚ್ಚಿ ನೋಡಿ. "ಟಕ್" ಅಂದರೆ ಕಲ್ಲು. ಮೆತ್ತಗೆ ಕಚ್ಚಿಕೊಂಡರೆ ಕೊಳೀತಿರೋ ಮರ. ಸಣ್ಣ ತುಂಡಾದರೆ ಹುಲ್ಲಿನ ಚಪ್ಪಡಿ ಎತ್ತಿ, ತುಂಡು ತೆಗೆದು, ಮಣ್ಣು ತುಂಬಿ, ಚಪ್ಪಡಿ ಮತ್ತೆ ಕೂರಿಸಿ. ದೊಡ್ಡ ಬುಡವಾದರೆ ಬಿಟ್ಟುಬಿಡಿ, ಅದು ಕರಗೋವರೆಗೂ ಪ್ರತಿ ಮಳೆಗಾಲ ಅಣಬೆ ಬರುತ್ತೆ, ಮುಗಿದ ಮೇಲೆ ನಿಲ್ಲುತ್ತೆ.

ಇನ್ನೊಂದು ಮೂಲ ನಾವೇ ಹಾಕೋ ಗೊಬ್ಬರ. ಅರ್ಧ ಕಳಿತ ಕೊಟ್ಟಿಗೆ ಗೊಬ್ಬರ ಹರಡಿದರೆ ಒಂದು ವಾರದಲ್ಲಿ ಸಣ್ಣ ಬೂದು ಬಣ್ಣದ ತೆಳು ಕೊಡೆಗಳು ಬೆಳಗ್ಗೆ ಎದ್ದು, ಮಧ್ಯಾಹ್ನಕ್ಕೆ ಕಪ್ಪು ಶಾಯಿ ಥರ ಕರಗಿ ಹೋಗುತ್ತವೆ. ಇವುಗಳಿಂದ ಹುಲ್ಲಿಗೆ ಏನೂ ಆಗಲ್ಲ. ಗೊಬ್ಬರ ಇನ್ನೂ ಮಾಗಿಲ್ಲ ಅಂತ ನಿಮಗೆ ಪುಕ್ಕಟೆಯಾಗಿ ಸಿಗೋ ರಿಪೋರ್ಟ್ ಅದು. ಅಣಬೆ ಬೆಳೆದು ಮುಗಿದ ಹುಲ್ಲಿನ ಬ್ಯಾಗುಗಳನ್ನು ಗೊಬ್ಬರ ಅಂತ ತಂದು ಸುರಿದವರ ಲಾನಿನಲ್ಲೂ ಅಣಬೆ ಬರುತ್ತೆ, ಅದರಲ್ಲಿ ಆಶ್ಚರ್ಯ ಏನಿಲ್ಲ.

ಮರದ ಹೊಟ್ಟು ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಸಾಮಿಲ್ಲಿನಿಂದ ಅಗ್ಗಕ್ಕೆ ಸಿಗುತ್ತೆ ಅಂತ ಮಣ್ಣಿಗೆ ಬೆರೆಸಿದರೆ ಅಣಬೆ ಬರೋದು ಚಿಕ್ಕ ಸಮಸ್ಯೆ, ಹುಲ್ಲು ಹಳದಿಯಾಗೋದು ದೊಡ್ಡ ಸಮಸ್ಯೆ. ಹೊಟ್ಟಿನಲ್ಲಿ ಒಂದು ಭಾಗ ಸಾರಜನಕಕ್ಕೆ ನೂರಾರು ಭಾಗ ಇಂಗಾಲ ಇರುತ್ತೆ. ಅದನ್ನು ಕರಗಿಸೋಕೆ ಶಿಲೀಂಧ್ರಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಸಾಲ ತಗೊಳ್ತವೆ, ಹುಲ್ಲಿಗೆ ಉಪವಾಸ. ಹೊಟ್ಟನ್ನು ಮೇಲ್ಮುಚ್ಚಿಗೆಯಾಗಿ ಗಿಡದ ಪಾತಿಗೆ ಹಾಕಿ, ಒಳಗೆ ಬೆರೆಸಬೇಡಿ.

ಮೂರನೆಯದು ಹುಲ್ಲಿನದೇ ಕಸ. ಕಾರ್ಪೆಟ್ ಗ್ರಾಸ್, ಕೊರಿಯನ್ ಗ್ರಾಸ್ ಲಾನುಗಳಲ್ಲಿ ಹಸಿರಿನ ಕೆಳಗೆ, ಮಣ್ಣಿನ ಮೇಲೆ ಒಣಗಿದ ಕಾಂಡ-ಬೇರುಗಳ ಕಂದು ಹಾಸಿಗೆ ಕಟ್ಟುತ್ತೆ. ಬೆರಳಿಟ್ಟು ನೋಡಿ, ಅರ್ಧ ಇಂಚಿಗಿಂತ ದಪ್ಪ ಇದ್ದರೆ ರೇಕಿನಿಂದ ಬಲವಾಗಿ ಎಳೆದು ತೆಗೀಬೇಕು. ನೀರು ಕೊಡೋ ಹೊತ್ತೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. ದಿನಾ ಸಂಜೆ ಸ್ಪ್ರಿಂಕ್ಲರ್ ಬಿಟ್ಟರೆ ರಾತ್ರಿಯಿಡೀ ಆ ಹಾಸಿಗೆ ಒದ್ದೆಯಾಗೇ ಇರುತ್ತೆ, ಅಣಬೆಗೆ ಅದಕ್ಕಿಂತ ಹಬ್ಬ ಇನ್ನೊಂದಿಲ್ಲ. ಬೆಳಗ್ಗೆ ಕೊಡಿ, ದಿನ ಬಿಟ್ಟು ದಿನವೋ ಎರಡು ದಿನಕ್ಕೊಮ್ಮೆಯೋ ಆಳವಾಗಿ ಕೊಡಿ. ಮಳೆಗಾಲದಲ್ಲಿ ಟೈಮರ್ ಆಫ್ ಮಾಡೋದನ್ನು ಎಷ್ಟು ಜನ ಮರೀತಾರೆ ಅಂತ ಹೇಳಿದರೆ ನಗ್ತೀರಿ.

ಚಕ್ರ ಕಟ್ಟಿಕೊಂಡು ಬಂದಾಗ

ಮೇಲಿನ ಯಾವುದರಲ್ಲೂ ಹುಲ್ಲಿಗೆ ನೇರ ಹಾನಿ ಇಲ್ಲ. ಹಾನಿ ಆಗೋದು ಒಂದು ಸಂದರ್ಭದಲ್ಲಿ: ಅಣಬೆ ಬಳೆ ಇಟ್ಟ ಹಾಗೆ ದುಂಡಗೆ ಬಂದಾಗ. ಇಂಗ್ಲಿಷ್‌ನವರು ಇದನ್ನು ಫೇರಿ ರಿಂಗ್ ಅಂತಾರೆ. ಒಂದು ಬೀಜಾಣು ನೆಲೆ ಊರಿದ ಬಿಂದುವಿನಿಂದ ಎಳೆಗಳು ಎಲ್ಲ ದಿಕ್ಕಿಗೂ ಒಂದೇ ಸಮನೆ ಹೊರಕ್ಕೆ ಬೆಳೀತವೆ. ಒಳಗಿನ ಆಹಾರ ಖಾಲಿಯಾಗಿ ಅಲ್ಲಿನ ಎಳೆ ಸಾಯುತ್ತೆ, ಅಂಚು ಮಾತ್ರ ಜೀವಂತ. ಅದಕ್ಕೇ ಚಕ್ರದ ಆಕಾರ, ಅದಕ್ಕೇ ವರ್ಷದಿಂದ ವರ್ಷಕ್ಕೆ ಚಕ್ರ ದೊಡ್ಡದಾಗೋದು. ಎರಡು ಚಕ್ರ ಬೆಳೀತಾ ಬಂದು ಒಂದಕ್ಕೊಂದು ತಾಗಿದರೆ ತಾಗಿದ ಜಾಗದಲ್ಲಿ ಎರಡೂ ನಿಂತುಹೋಗುತ್ತವೆ. ಮುಂದೆ ತಿನ್ನೋಕೆ ಏನೂ ಉಳಿದಿರಲ್ಲ.

ಮೊದಲು ಕಾಣೋದು ಕಡು ಹಸಿರು ಪಟ್ಟಿ. ಎಳೆಗಳು ಸಾವಯವ ವಸ್ತುವನ್ನು ಒಡೆದಾಗ ಬಿಡುಗಡೆಯಾಗೋ ಸಾರಜನಕ ಹುಲ್ಲಿಗೆ ಸಿಕ್ಕಿ ಅದು ಸೊಂಪಾಗುತ್ತೆ. ಕೆಲವು ಚಕ್ರಗಳು ಇಷ್ಟಕ್ಕೇ ನಿಲ್ಲುತ್ತವೆ. ನೋಡೋಕೆ ಅಸಹ್ಯ ಅನಿಸಿದರೆ ಉಳಿದ ಲಾನಿಗೂ ಜರಡಿ ಹಿಡಿದ ಎರೆಗೊಬ್ಬರ ಹರಡಿ, ನೀರು ಕೊಡಿ. ಎಲ್ಲ ಕಡೆ ಒಂದೇ ಹಸಿರಾದರೆ ಚಕ್ರ ಕಣ್ಣಿಗೆ ಬೀಳಲ್ಲ. ಇದು ಮುಚ್ಚಿಡೋ ಉಪಾಯ, ಸುಳ್ಳು ಹೇಳಲ್ಲ, ಆದರೆ ಗಿರಾಕಿಗೆ ಬೇಕಾಗಿರೋದೂ ಅಷ್ಟೇ.

ಕೆಟ್ಟದು ಹಸಿರು ಪಟ್ಟಿಯ ಪಕ್ಕದಲ್ಲೇ ಹುಲ್ಲು ಒಣಗಿ ಬಿಳಿಚಿಕೊಂಡಾಗ. ಎಳೆಗಳು ಬಹಳ ದಟ್ಟವಾದರೆ ಮಣ್ಣಿನ ಕಣಗಳಿಗೆ ಮೇಣ ಸವರಿದ ಹಾಗೆ ಆಗಿ ನೀರು ಒಳಗಿಳಿಯಲ್ಲ. ಪಕ್ಕದಲ್ಲಿ ಕೆಸರಿದ್ದರೂ ಆ ಪಟ್ಟಿಯ ಮಣ್ಣು ಒಣ ಬೂದಿ ಥರ ಇರುತ್ತೆ. ಹುಲ್ಲು ಸಾಯೋದು ರೋಗದಿಂದ ಅಲ್ಲ, ಬಾಯಾರಿಕೆಯಿಂದ. ಒಂದು ಚೊಂಬು ನೀರು ಹೊಯ್ದು ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಹನಿಯಾಗಿ ಉರುಳಿ ಪಕ್ಕಕ್ಕೆ ಹರಿದರೆ ಅದೇ. ಒಂದು ಮುಷ್ಟಿ ಮಣ್ಣು ಅಗೆದು ಮೂಸಿದರೆ ಅಣಬೆ ವಾಸನೆ, ಒಳಗೆ ಬಿಳಿ ಎಳೆ.

ಇಲ್ಲಿ ಪಂಪ್ ಬಿಟ್ಟು ಗಾರ್ಡನ್ ಫೋರ್ಕ್ ಎತ್ತಿ. ಒಣ ಪಟ್ಟಿಯಲ್ಲಿ ಮತ್ತು ಅದರ ಎರಡೂ ಕಡೆ ಒಂದೂವರೆ ಅಡಿವರೆಗೆ, ನಾಲ್ಕು ಇಂಚಿಗೊಂದರಂತೆ, ಅರ್ಧ ಅಡಿ ಆಳಕ್ಕೆ ಚುಚ್ಚುತ್ತಾ ಹೋಗಿ. ಫೋರ್ಕ್ ಇಲ್ಲದಿದ್ದರೆ ಚೂಪಾದ ಕಬ್ಬಿಣದ ಸರಳೂ ಆಗುತ್ತೆ. ಆಮೇಲೆ 10 ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯೋ ದ್ರವ ಅಥವಾ ಕರಗಿಸಿದ ಖಾದಿ ಸೋಪು ಬೆರೆಸಿ ನಿಧಾನಕ್ಕೆ ಸುರೀರಿ. ಸೋಪು ಬರೀ ನೀರನ್ನು ಒಳಗೆ ಇಳಿಸೋಕೆ. ಅದರ ಹಿಂದೆ ಬರೀ ನೀರು ಧಾರಾಳವಾಗಿ. ಎರಡು-ಮೂರು ವಾರ, ವಾರಕ್ಕೆರಡು ಸಲ ಹೀಗೆ ನೆನೆಸಿದರೆ ಗರಿಕೆ ಜಾತಿಯ ಬರ್ಮುಡಾ ಹುಲ್ಲಂತೂ ಪಕ್ಕದಿಂದ ಹಬ್ಬಿ ತಾನೇ ಮುಚ್ಚಿಕೊಳ್ಳುತ್ತೆ. ಪೂರ್ತಿ ಕಿತ್ತು ಹಾಕಲೇಬೇಕು ಅನ್ನೋರು ಚಕ್ರದ ಅಂಚಿನಿಂದ ಒಂದಡಿ ಆಚೆಯವರೆಗೂ, ಒಂದಡಿ ಆಳಕ್ಕೂ ಮಣ್ಣು ತೆಗೆದು ಹೊಸ ಮಣ್ಣು ತುಂಬಬೇಕು. ಕೂಲಿ ಲೆಕ್ಕ ಹಾಕಿದರೆ ನಾನಂತೂ ಯಾರಿಗೂ ಹೇಳಲ್ಲ.

ಒಂದು ಮಾತು, ದುಂಡಗೆ ಒಣಗಿದ್ದೆಲ್ಲ ಅಣಬೆ ಚಕ್ರ ಅಲ್ಲ. ನಡುವೆ ಸುಟ್ಟ ಹಾಗೆ ಒಣಗಿ, ಸುತ್ತ ಕಡು ಹಸಿರಿದ್ದು, ಅಗಲ ಅಂಗೈಯಷ್ಟೋ ತಟ್ಟೆಯಷ್ಟೋ ಇದ್ದರೆ ಅದು ನಾಯಿ ಉಚ್ಚೆ ಹೊಯ್ದ ಜಾಗ. ಒಣಗಿದ ಹುಲ್ಲು ಚಾಪೆ ಥರ ಕೈಗೆ ಎದ್ದು ಬಂದರೆ ಕೆಳಗೆ ಗೊಣ್ಣೆ ಹುಳು ಬೇರು ಕಡಿದಿದೆ.

ಬಿಳಿ ಕೊಡೆ, ಹಸಿರು ಪುಡಿ

ಈಗ ನಿಜವಾದ ಅಪಾಯಕ್ಕೆ ಬರೋಣ. ಉಷ್ಣವಲಯದ ಲಾನುಗಳಲ್ಲಿ, ನಮ್ಮ ದೇಶದಲ್ಲೂ, ಸಾಮಾನ್ಯವಾಗಿ ಸಿಗೋ ಒಂದು ದೊಡ್ಡ ಅಣಬೆ ಇದೆ. ವೈಜ್ಞಾನಿಕ ಹೆಸರು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. ಮೇಲೆ ಹೇಳಿದ ಚಕ್ರಗಳನ್ನು ಕಟ್ಟೋ ಅಣಬೆಗಳಲ್ಲಿ ಇದೂ ಒಂದು. ಎಳೆಯದಿದ್ದಾಗ ಡೋಲು ಬಾರಿಸೋ ಕೋಲಿನ ತುದಿ ಥರ ಗುಂಡಗೆ, ಅರಳಿದರೆ ಊಟದ ತಟ್ಟೆಯಷ್ಟು ಅಗಲ. ಬಿಳಿ ಕೊಡೆಯ ಮೇಲೆ ಕಂದು ಬಣ್ಣದ ಚಕ್ಕೆಗಳು, ನಡುವೆ ಒತ್ತಾಗಿ, ಅಂಚಿಗೆ ವಿರಳವಾಗಿ. ದಂಟಿನ ಮೇಲೆ ಒಂದು ಬಳೆ ಇರುತ್ತೆ, ಮೆಲ್ಲಗೆ ಸರಿಸಿದರೆ ಮೇಲೆ ಕೆಳಗೆ ಜಾರುತ್ತೆ. ಕೊಡೆ ಕೆಳಗಿನ ಪದರಗಳು ಮೊದಲು ಬಿಳಿ, ಬಲಿತ ಮೇಲೆ ಮಾಸಲು ಹಸಿರು.

ನೋಡೋಕೆ ಬಹಳ ಚೆಂದ, ದಪ್ಪ ತಿರುಳು, ವಾಸನೆಯೂ ಕೆಟ್ಟದಿಲ್ಲ. ಅದೇ ತೊಂದರೆ. ಹುತ್ತದ ಅಣಬೆ ತಿಂದು ಬೆಳೆದ ನಮ್ಮ ಜನಕ್ಕೆ ಬಾಯಲ್ಲಿ ನೀರೂರುತ್ತೆ. ಎಳೆಯದಿದ್ದಾಗ ಪದರ ಬಿಳಿಯೇ ಇರೋದರಿಂದ ಹಸಿರು ನೋಡಿ ಬಿಡೋ ಅವಕಾಶವೂ ಇಲ್ಲ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಹೊಟ್ಟೆ ನುಲಿತ, ಭೇದಿ ಜೋರಾಗಿ ಶುರು. ದೊಡ್ಡವರು ಸಾಮಾನ್ಯವಾಗಿ ಸುಧಾರಿಸಿಕೊಳ್ತಾರೆ. ಮಕ್ಕಳಿಗೆ, ವಯಸ್ಸಾದವರಿಗೆ ಮೈ ನೀರೆಲ್ಲ ಹೋಗಿ ಪರಿಸ್ಥಿತಿ ಗಂಭೀರ ಆಗಬಹುದು.

ಗುರುತಿಸೋಕೆ ಸುಲಭದ ದಾರಿ ಬೀಜಾಣು ಅಚ್ಚು. ಬಲಿತ ಕೊಡೆಯ ದಂಟು ಕತ್ತರಿಸಿ, ಪದರ ಕೆಳಮುಖವಾಗಿ ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಎತ್ತಿದರೆ ಕಾಗದದ ಮೇಲೆ ರಂಗೋಲಿ ಥರ ಪುಡಿ ಬಿದ್ದಿರುತ್ತೆ. ಬೂದುಮಿಶ್ರಿತ ಹಸಿರಾದರೆ ಇದೇ ಅಣಬೆ. ಮಕ್ಕಳಿಗೆ ತೋರಿಸೋಕೂ ಚೆನ್ನಾಗಿರುತ್ತೆ. ಆದರೆ ತಲೆಯಲ್ಲಿಟ್ಟುಕೊಳ್ಳಿ: ಹಸಿರು ಬಂದರೆ ವಿಷ ಅನ್ನೋದು ಖಾತ್ರಿ, ಹಸಿರು ಬರದಿದ್ದರೆ ತಿನ್ನಬಹುದು ಅಂತ ಅರ್ಥ ಅಲ್ಲವೇ ಅಲ್ಲ. ಅಮಾನಿಟಾ ಅನ್ನೋ ಗುಂಪಿನ ಕೆಲವು ಅಣಬೆಗಳ ಪುಡಿ ಹಾಲಿನಷ್ಟು ಬಿಳಿ, ಅವೇ ಜಗತ್ತಿನಲ್ಲಿ ಅತಿ ಹೆಚ್ಚು ಜೀವ ತೆಗೆಯುವಂಥವು. ಅದರ ಮೊಟ್ಟೆಯಾಕಾರದ ಮೊಗ್ಗು ಭತ್ತದ ಹುಲ್ಲಿನ ಅಣಬೆಯ ಮೊಗ್ಗಿನ ಹಾಗೇ ಕಾಣುತ್ತೆ. ಹುಲ್ಲು ಮುಚ್ಚಿಗೆ ಮಾಡೋ ನಮ್ಮಂಥವರು ಇದನ್ನು ನೆನಪಿಡಬೇಕು.

ಅಮಾನಿಟಾ ವಿಷದ ಮೋಸ ಎಲ್ಲಿದೆ ಅಂದ್ರೆ, ಅದು ತಡವಾಗಿ ಏಳುತ್ತೆ. ತಿಂದು ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗಲ್ಲ. ಆಮೇಲೆ ವಾಂತಿ ಭೇದಿ. ಮಾರನೇ ದಿನ ಕಡಿಮೆಯಾದ ಹಾಗೆ ಅನಿಸುತ್ತೆ, ಮನೆಯವರು ನಿಟ್ಟುಸಿರು ಬಿಡ್ತಾರೆ. ಒಳಗೆ ಯಕೃತ್ತು ಕೆಡ್ತಾ ಇರುತ್ತೆ. ಬೇಯಿಸಿದರೂ ಆ ವಿಷ ಹೋಗಲ್ಲ.

ಬೆಳ್ಳಿ ಚಮಚ ಕಪ್ಪಾಗದಿದ್ದರೆ ಒಳ್ಳೇದು, ಬೆಳ್ಳುಳ್ಳಿ ಹಾಕಿ ಕುದಿಸಿದಾಗ ಬಣ್ಣ ಬದಲಾಗದಿದ್ದರೆ ಒಳ್ಳೇದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಅರಿಶಿನದ ನೀರಲ್ಲಿ ನೆನೆಸಿದರೆ ವಿಷ ಹೋಗುತ್ತೆ. ಈ ನಾಲ್ಕೂ ತಪ್ಪು. ಗೊಂಡೆಹುಳಕ್ಕೆ ಆಗದ ವಿಷ ನಮ್ಮ ಯಕೃತ್ತಿಗೆ ಆಗುತ್ತೆ.

ಐದನೇದೊಂದು ಈಚೆಗೆ ಸೇರಿದೆ: ಫೋನ್ ಆಪ್. ಮೇಲಿಂದ ಒಂದು ಫೋಟೋ ಹೊಡೆದು, ಆಪ್ ಹೇಳಿದ ಹೆಸರನ್ನು ನಂಬಿ ಒಲೆ ಹಚ್ಚೋದು. ನನಗೂ ಆಪ್ ಇಷ್ಟ, ಗಿಡದ ಹೆಸರು ಹುಡುಕೋಕೆ ದಿನಾ ಬಳಸ್ತೀನಿ. ಆದರೆ ಅಣಬೆಯ ಗುರುತು ಇರೋದು ಕೊಡೆಯ ಕೆಳಗೆ ಮತ್ತು ಮಣ್ಣೊಳಗಿನ ಬುಡದಲ್ಲಿ. ಅಮಾನಿಟಾದ ಬುಡದಲ್ಲಿ ಇರೋ ಚೀಲ ಅಗೆದು ನೋಡದೆ ಕಾಣಲ್ಲ, ಕೊಯ್ದು ತಂದರೆ ನೆಲದಲ್ಲೇ ಉಳಿದುಬಿಡುತ್ತೆ. ಕ್ಯಾಮೆರಾ ನೋಡದೇ ಇದ್ದದ್ದನ್ನು ಆಪ್ ಎಲ್ಲಿಂದ ಹೇಳಬೇಕು?

ನಮ್ಮ ಮಲೆನಾಡಿನ, ಕರಾವಳಿಯ, ಕೊಡಗಿನ ಹಿರಿಯರ ಅಣಬೆ ಜ್ಞಾನವನ್ನು ನಾನು ಹಗುರ ಮಾಡ್ತಿಲ್ಲ. ಕೊಡಗಿನ ಕುಮ್ಮು, ತುಳುವರ ಕಲ್ಲಲಾಂಬು ಅವರ ಕಣ್ಣಿಗೆ ತಲೆಮಾರುಗಳಿಂದ ಪಳಗಿದ್ದು. ಅವರು ಇಂಥ ಹುತ್ತ, ಇಂಥ ಮರ, ಇಂಥ ನಕ್ಷತ್ರದ ಮಳೆ ಅಂತ ಜಾಗ-ಕಾಲ ಎರಡನ್ನೂ ನೋಡಿ ಕೀಳ್ತಾರೆ. ಆ ಪಟ್ಟಿಯಲ್ಲಿ ಲಾನ್ ಇಲ್ಲ. ಜೊತೆಗೆ ಲಾನಿಗೆ ಯಾರೋ ಯಾವಾಗಲೋ ಕಳೆನಾಶಕವನ್ನೋ ಕೀಟನಾಶಕವನ್ನೋ ಹೊಡೆದಿರ್ತಾರೆ, ಅಣಬೆಗಳು ಮಣ್ಣಿನಲ್ಲಿರೋ ಸೀಸದಂಥ ಲೋಹವನ್ನೂ ಹೀರಿಕೊಳ್ಳುತ್ತವೆ. ಅಣಬೆ ಸಾರು ಬೇಕು ಅನಿಸಿದರೆ ಹೆಸರಘಟ್ಟದ ಐಐಎಚ್‌ಆರ್‌ನಲ್ಲಿ ಅಣಬೆ ಬೀಜ ಸಿಗುತ್ತೆ, ಭತ್ತದ ಹುಲ್ಲಿನ ಮೇಲೆ ಸಿಂಪಿ ಅಣಬೆ ಮೂರು-ನಾಲ್ಕು ವಾರಕ್ಕೆ ಮೊದಲ ಕೊಯ್ಲು ಕೊಡುತ್ತೆ.

ಹಾಗಾಗಿ ಮಕ್ಕಳು, ನಾಯಿ ಓಡಾಡೋ ಲಾನಾದರೆ ಬೆಳಗ್ಗೆ ಒಂದು ಸುತ್ತು ಹಾಕಿ ಎದ್ದ ಅಣಬೆಯನ್ನೆಲ್ಲ ಬುಡ ಸಮೇತ ಕಿತ್ತು ಚೀಲಕ್ಕೆ ಹಾಕಿ. ಮುಟ್ಟಿದರೆ ಏನೂ ಆಗಲ್ಲ, ಆಮೇಲೆ ಕೈ ತೊಳೆದುಕೊಳ್ಳಿ. ಕಿತ್ತಿದ್ದನ್ನು ಗೊಬ್ಬರದ ಗುಂಡಿಯ ಒಳಗೆ ಹೂಳಬಹುದು. ಲಾನ್ ಕತ್ತರಿಸಿದ ಹುಲ್ಲನ್ನು ದನಕ್ಕೆ ಹಾಕೋ ಅಭ್ಯಾಸ ಇದ್ದರೆ ಮೊವರ್ ಓಡಿಸೋ ಮುಂಚೆ ಅಣಬೆ ಆರಿಸಲೇಬೇಕು, ಕತ್ತರಿಸಿದ ಮೇಲೆ ಬೇರ್ಪಡಿಸೋಕೆ ಆಗಲ್ಲ. ಕುಂಡಗಳಲ್ಲಿ, ಅದರಲ್ಲೂ ಕೋಕೋಪೀಟ್ ಹಾಕಿದವುಗಳಲ್ಲಿ ನಿಂಬೆ ಹಳದಿ ಬಣ್ಣದ ಸಣ್ಣ ಅಣಬೆ ಬರುತ್ತಲ್ಲ, ಗಿಡಕ್ಕೆ ಅದರಿಂದ ತೊಂದರೆ ಇಲ್ಲ, ತಿಂದರೆ ಮಾತ್ರ ಹೊಟ್ಟೆ ಕೆಡುತ್ತೆ. ಪುಟ್ಟ ಮಕ್ಕಳ ಕಣ್ಣಿಗೆ ಅದು ಮಿಠಾಯಿ ಥರ ಕಾಣುತ್ತೆ, ಆ ಕುಂಡವನ್ನು ಮೇಲಿಡಿ.

ಯಾರಾದರೂ ತಿಂದುಬಿಟ್ಟಿದ್ದರೆ ಲಕ್ಷಣ ಬರಲಿ ಅಂತ ಕಾಯಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋ ಪ್ರಯೋಗ ಬೇಡ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ತಗೊಂಡು ಹೋಗಿ, ಪ್ಲಾಸ್ಟಿಕ್‌ನಲ್ಲಿ ಬೆವರಿ ಕೊಳೆತುಹೋಗುತ್ತೆ. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಗಂಟೆಗೆ ಮೊದಲ ವಾಂತಿ ಆದದ್ದು ಅನ್ನೋದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ವೈದ್ಯರು ಮೊದಲು ಕೇಳೋದು ಅದನ್ನೇ. ಒಂದೇ ಸಾರು ಉಂಡ ಎಲ್ಲರೂ ಹೋಗಬೇಕು, ವಾಂತಿ ಆಗದವರೂ. ದನ, ನಾಯಿ ತಿಂದಿದ್ದರೆ ಪಶುವೈದ್ಯರಿಗೆ ತಕ್ಷಣ ಹೇಳಿ.

ಮರದ ಬುಡದಲ್ಲಿ ಕಂಡರೆ

ಇಲ್ಲಿವರೆಗೂ ಹೇಳಿದ್ದು ಬಯಲು ಹುಲ್ಲಿನ ಮಾತು. ಲಾನಿನ ಅಂಚಿನ ತೆಂಗು, ಅಡಿಕೆ, ಗುಲ್‌ಮೊಹರ್, ಹೊಂಗೆಯ ಬುಡಕ್ಕೆ ಅಂಟಿಕೊಂಡು, ಕೊಡೆ ಅಲ್ಲದೆ ಗೋಡೆಗೆ ಹೊಡೆದ ಶೆಲ್ಫ್ ಥರ ಗಟ್ಟಿ ಅಣಬೆ ಬಂದರೆ "ತಾನೇ ಹೋಗುತ್ತೆ" ಅಂತ ಬಿಡಬೇಡಿ. ಮೇಲ್ಭಾಗ ವಾರ್ನಿಷ್ ಹೊಡೆದ ಹಾಗೆ ಕೆಂಪು-ಕಂದು ಹೊಳಪು, ಬೆಳೆಯೋ ಅಂಚು ಬಿಳಿ, ಮುರಿದರೆ ಮರದ ಚಕ್ಕೆಯಷ್ಟು ಗಟ್ಟಿ. ಅದು ಗ್ಯಾನೋಡರ್ಮಾ. ಅಡಿಕೆ ಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಿಲ್ಲ, ನಾವು ಅಣಬೆ ರೋಗ ಅಂತ ಕರೆಯೋದು ಇದನ್ನೇ.

ಲಾನಿನ ಅಣಬೆ ಸತ್ತ ಮರ ತಿಂದರೆ ಇದು ಬದುಕಿರೋ ಬೇರನ್ನೇ ತಿನ್ನುತ್ತೆ. ಇಲ್ಲಿ ಅಣಬೆ ಕಾಣೋದು ಕೊನೇ ಹಂತ. ಅದಕ್ಕೂ ಬಹಳ ಮುಂಚೆ ಹೊರಗಿನ ಸೋಗೆ ಹಳದಿಯಾಗಿ ಕಾಂಡಕ್ಕೆ ಜೋತು ಬೀಳುತ್ತೆ, ಬುಡದಲ್ಲಿ ಕಂದು ಕಲೆ ಎದ್ದು ಕಪ್ಪು-ಕಂದು ರಸ ಸೋರುತ್ತೆ, ಹೊಸ ಸೋಗೆ ಚಿಕ್ಕದಾಗುತ್ತೆ. ಅಣಬೆ ಬಂದ ಮರ ಉಳಿಯೋದು ಕಷ್ಟ. ನೀವು ಉಳಿಸೋದು ಪಕ್ಕದ ಮರಗಳನ್ನು. ಬೇರಿಗೆ ಬೇರು ತಾಗಿ, ಹಾಯಿ ನೀರಿನ ಜೊತೆ ರೋಗ ಹರಡುತ್ತೆ. ಅದಕ್ಕೆ ರೋಗದ ಮರದ ಸುತ್ತ ಒಂದಡಿ ಅಗಲ, ಎರಡಡಿ ಆಳದ ಕಂದಕ ತೆಗೀರಿ, ಹಾಯಿ ನೀರು ನಿಲ್ಲಿಸಿ ಡ್ರಿಪ್ ಮಾಡಿ, ಆ ಪಾತಿಯ ನೀರು ಇನ್ನೊಂದಕ್ಕೆ ಹರಿಯದ ಹಾಗೆ ನೋಡಿ. ಸತ್ತ ಮರವನ್ನು ಬುಡ, ಬೇರು ಸಮೇತ ಕಿತ್ತು ಸುಡಬೇಕು. ಬುಡ ಬಿಟ್ಟು ಮೇಲೆ ಮಾತ್ರ ಕಡಿದರೆ ರೋಗಕ್ಕೆ ನೀವೇ ಊಟ ಇಟ್ಟ ಹಾಗೆ. ಸುತ್ತಲಿನ ಆರೋಗ್ಯವಂತ ಮರಗಳಿಗೆ ವರ್ಷಕ್ಕೆ ತೆಂಗಿಗಾದರೆ 5 ಕೆಜಿ, ಅಡಿಕೆಗಾದರೆ 2 ಕೆಜಿ ಬೇವಿನ ಹಿಂಡಿ. ಅದಕ್ಕೆ ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ಒಂದು ವಾರ ಬಿಟ್ಟು ಹಾಕಿದರೆ ಒಳ್ಳೇದು. ರಾಸಾಯನಿಕ ಬಳಸೋರಿಗೆ ಬೇರಿನ ಮೂಲಕ ಉಣಿಸೋ ಶಿಫಾರಸೂ ಇದೆ, ಪ್ರಮಾಣವನ್ನು ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಮಾಡಿ, ಅಂಗಡಿಯಲ್ಲಿ ಕೇಳಿ ಅಲ್ಲ.

ಗುಲ್‌ಮೊಹರ್, ಹೊಂಗೆಯಂಥ ನೆರಳಿನ ಮರದ ಬುಡದಲ್ಲಿ ಇದು ಬಂದಿದ್ದರೆ ಇನ್ನೊಂದು ಭಯ ಇದೆ. ಮೇಲೆ ಎಲೆ ಹಸಿರಾಗಿದ್ದರೂ ಕೆಳಗೆ ಬೇರು ಟೊಳ್ಳಾಗಿ, ಒಂದು ಜೋರು ಗಾಳಿಗೆ ಮರ ಉರುಳಬಹುದು. ಅದರ ಕೆಳಗೆ ಜೋಕಾಲಿ, ಬೆಂಚು, ಪಾರ್ಕಿಂಗ್ ಇದ್ದರೆ ಮಳೆಗಾಲ ಮುಗಿಯೋವರೆಗಾದ್ರೂ ಸ್ಥಳಾಂತರ ಮಾಡಿ.

ಹೊಸ ಲಾನ್ ಹಾಕೋರಿಗೆ

ಈ ವರ್ಷ ಹೊಸದಾಗಿ ಹುಲ್ಲು ಹಾಕಿಸೋ ಕೆಲಸ ಹಿಡಿದಿದ್ದರೆ, ಅಣಬೆ ಕೆಲಸ ಹುಲ್ಲಿಗಿಂತ ಮುಂಚೆ ಶುರುವಾಗಬೇಕು. ಒಂದಡಿ ಆಳಕ್ಕೆ ಅಗೆದು ಮರದ ಚೂರು, ಬೇರು, ಸಿಮೆಂಟ್ ಚೀಲ ಎಲ್ಲ ಆರಿಸಿ ತೆಗೀರಿ. ನೆಲಕ್ಕೆ ಒಂದು ಕಡೆ ಇಳಿಜಾರು ಕೊಡಿ, ಹತ್ತಡಿಗೆ ಒಂದೆರಡು ಇಂಚು ಸಾಕು. ಕೊಟ್ಟಿಗೆ ಗೊಬ್ಬರ ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಬರಬಾರದು, ಒಳಗೆ ಕೈ ಹಾಕಿದರೆ ಬಿಸಿ ಇರಬಾರದು. ಮಣ್ಣು ಸಮ ಮಾಡಿದ ಮೇಲೆ ಹತ್ತು-ಹದಿನೈದು ದಿನ ನೀರು ಹಾಯಿಸಿ ಖಾಲಿ ಬಿಡಿ. ಕಳೆ ಏಳುತ್ತೆ, ಒಳಗೆ ಹೂತದ್ದೇನಾದ್ರೂ ಇದ್ದರೆ ಅಲ್ಲಿ ಅಣಬೆಯೂ ಏಳಬಹುದು. ಎದ್ದ ಜಾಗವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟು, ಅಲ್ಲಿ ಇನ್ನೊಮ್ಮೆ ಅಗೆದು ನೋಡಿ, ಆಮೇಲೆ ಹುಲ್ಲಿನ ಚಪ್ಪಡಿ ಇಳಿಸಿ.